ಬೆಳಿಗ್ಗೆ ನೋಡೋಣ ಅನ್ನಬೇಡಿ

ನಮ್ಮ ಚಿಕ್ಕಪ್ಪ ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಅವತ್ತು ಮನೆಯಲ್ಲಿ ಅಡಿಕೆ ಕೊಯ್ಲು. ದಿನವಿಡೀ ತೋಟದಲ್ಲಿದ್ದರು. ರಾತ್ರಿ ಊಟ ಆದಮೇಲೆ ಎದೆ ಭಾರ ಅಂದರು. ಮೈಯೆಲ್ಲ ಬೆವರು. ಡಿಸೆಂಬರ್ ಚಳಿಯಲ್ಲಿ ಬನಿಯನ್ ಒದ್ದೆಯಾಗುವಷ್ಟು ಬೆವರು. ಮನೆಯವರು ಅದನ್ನು ನೋಡಿದರು, ಆದರೆ ಅದು ಏನು ಹೇಳುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗ್ಯಾಸ್ಟ್ರಿಕ್ ಅಂದುಕೊಂಡರು. ಓಂಕಾಳಿನ ಕಷಾಯ ಕುಡಿಸಿದರು, ಸೋಡಾ ಕುಡಿಸಿದರು, ಬೆನ್ನು ತಿಕ್ಕಿದರು. ಸ್ವಲ್ಪ ಕಡಿಮೆ ಆದ ಹಾಗೆ ಅನಿಸಿತು. "ಬೆಳಿಗ್ಗೆ ನೋಡೋಣ" ಅಂತ ಮಲಗಿದರು. ಐದು ಗಂಟೆಗೆ ಚಿಕ್ಕಮ್ಮ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. 51 ವರ್ಷ.

ಇದನ್ನು ಈಗ ಬರೆಯುವುದಕ್ಕೆ ಕಾರಣ ನಮ್ಮ ಅಪ್ಪ.

2024ರ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪನಿಗೂ ಹಾಗೇ ಆಯಿತು. ಅದೇ ಭಾರ, ಅದೇ ಬೆವರು, ದವಡೆಯವರೆಗೆ ಹತ್ತಿದ ನೋವು. ಅಪ್ಪ ಕೂಡ ಅದೇ ಮಾತು ಹೇಳಿದರು, ಬೆಳಿಗ್ಗೆ ನೋಡೋಣ ಅಂತ. ಅಮ್ಮ ಕೇಳಲಿಲ್ಲ. ಕರೆಂಟು ಹೋಗಿತ್ತು, ಟವರ್ ಕೂಡ ಸತ್ತಿತ್ತು. ಅಮ್ಮ ಟಾರ್ಚು ಹಿಡಿದು ಪಕ್ಕದ ಮನೆಗೆ ನಡೆದು ಹೋಗಿ ಜೀಪು ಎಬ್ಬಿಸಿಕೊಂಡು ಬಂದರು. ತಾಲ್ಲೂಕು ಆಸ್ಪತ್ರೆಗೆ ನಲವತ್ತು ನಿಮಿಷ. ಹೋದ ಹತ್ತು ನಿಮಿಷದೊಳಗೆ ಇಸಿಜಿ (ಹೃದಯದ ವಿದ್ಯುತ್ ಮಿಡಿತದ ಗೆರೆಚಿತ್ರ) ಆಯಿತು.

ಅಲ್ಲಿದ್ದವರು ಹೃದಯ ತಜ್ಞರಲ್ಲ, ರಾತ್ರಿ ಪಾಳಿಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಆದರೆ ಆ ಇಸಿಜಿ ಅಲ್ಲಿಂದಲೇ ದೂರದ ತಜ್ಞರಿಗೆ ಹೋಯಿತು. ಕೆಲವೇ ನಿಮಿಷದಲ್ಲಿ ಉತ್ತರ ಬಂತು: ದೊಡ್ಡ ಅಟ್ಯಾಕ್, ರಕ್ತನಾಳ ಪೂರ್ತಿ ಮುಚ್ಚಿದೆ, ಇಂಜೆಕ್ಷನ್ ಕೊಡಿ, ಆಮೇಲೆ ಕಳಿಸಿ. ಕೊಟ್ಟರು. ಆಮೇಲೆ ಆಂಬುಲೆನ್ಸ್, ಆಗುಂಬೆ ಘಾಟಿಯ 14 ತಿರುವು, ಸುರಿಯುವ ಮಳೆ. ದೊಡ್ಡಾಸ್ಪತ್ರೆ ಮುಟ್ಟಲು ಎರಡೂವರೆ ಗಂಟೆ. ಮರುದಿನ ಆಂಜಿಯೋಗ್ರಾಂ, ಒಂದು ಸ್ಟೆಂಟ್ (ನಾಳ ಮತ್ತೆ ಮುಚ್ಚದಂತೆ ಒಳಗೆ ಕೂರಿಸುವ ಪುಟ್ಟ ಜಾಲರಿ ಕೊಳವೆ). ಆರನೇ ದಿನ ಅಪ್ಪ ಮನೆಗೆ ಬಂದು ಜಗಲಿಯಲ್ಲಿ ಕೂತು ಕಾಫಿ ಕೇಳಿದರು. ನಾನು ಬೆಂಗಳೂರಿನಿಂದ ಹೋಗಿದ್ದೆ. ಆ ಲೋಟ ಕೊಡುವಾಗ ನನ್ನ ಕೈ ನಡುಗುತ್ತಿತ್ತು.

ಆ ಎರಡೂವರೆ ಗಂಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿಹೋದರೆ, ಆ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಪುಟ್ಟ ಬಲೂನಿನಿಂದ ನಾಳ ಬಿಡಿಸುವ ಚಿಕಿತ್ಸೆ) ಮಾಡುವ ಆಸ್ಪತ್ರೆ ಸಿಕ್ಕರೆ ಅದೇ ಒಳ್ಳೆಯದು. ನಗರದಲ್ಲಿ ಸಿಗುತ್ತದೆ. ಮಲೆನಾಡಿನಲ್ಲಿ, ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಎಲ್ಲಿ ಸಿಗುತ್ತದೆ? ಅಂಥ ಕಡೆ ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಮೊದಲು ಕೊಟ್ಟು, ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಅದರ ಹೆಸರು ಟೆನೆಕ್ಟೆಪ್ಲೇಸ್. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ನಮಗೆ ಒಂದು ರೂಪಾಯಿ ಕೇಳಲಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಜಯದೇವದಂಥ ದೊಡ್ಡಾಸ್ಪತ್ರೆಗಳು ನಡುವೆ, ತಾಲ್ಲೂಕು ಆಸ್ಪತ್ರೆಗಳು ಸುತ್ತ, ಚಕ್ರದ ಗುಂಬ ಮತ್ತು ಅರಗಳ ಹಾಗೆ. ಇಸಿಜಿ ಓದಲು ಎಐ ಸಹಾಯವೂ ಇದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದ ಅಪ್ಪುವಿಗಾಗಿ ಇಡೀ ಕರ್ನಾಟಕ ಅತ್ತಿತ್ತು. ಅವರ ಹೆಸರಿನಲ್ಲಿ ಆಗಿರುವ ಕೆಲಸಗಳಲ್ಲಿ ನನ್ನ ಪಾಲಿಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಅಪ್ಪ ಹುಷಾರಾದ ಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ದೂರದಿಂದ ಹೃದಯ ನೋಡುವುದು ಮೊಬೈಲ್ ಬಂದಮೇಲಿನ ಕಥೆ ಅಂದುಕೊಂಡಿದ್ದೆ. ನೂರು ವರ್ಷಕ್ಕಿಂತ ಹಳೆಯದಂತೆ. ಇಸಿಜಿ ಕಂಡುಹಿಡಿದ ಹಾಲೆಂಡಿನ ಐಂತೋವನ್ ಅವರ ಯಂತ್ರ ಕ್ವಿಂಟಾಲುಗಟ್ಟಲೆ ತೂಕ ಇತ್ತು. ಅದನ್ನು ಆಸ್ಪತ್ರೆಗೆ ಒಯ್ಯುವ ಹಾಗಿರಲಿಲ್ಲ. ಕಾಯಿಲೆಯವರನ್ನು ಅಲ್ಲಿಗೆ ಹೊತ್ತು ತರುವುದೂ ಕಷ್ಟ. ಅದಕ್ಕೆ ಅವರು 1905ರಲ್ಲಿ ಲೈಡನ್ ಊರಿನ ಆಸ್ಪತ್ರೆಯಿಂದ ತಮ್ಮ ಪ್ರಯೋಗಾಲಯಕ್ಕೆ, ಸುಮಾರು ಒಂದೂವರೆ ಕಿಲೋಮೀಟರ್ ದೂರ, ಟೆಲಿಫೋನ್ ತಂತಿಯಲ್ಲಿ ಎದೆಬಡಿತವನ್ನೇ ತರಿಸಿಕೊಂಡರು. ಅಪ್ಪನ ಇಸಿಜಿ ಘಾಟಿ ದಾಟಿ ಹೋದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಆಲೋಚನೆ ಒಂದೇ.

ನಮ್ಮಲ್ಲೂ ಇದು ಬೇಗನೇ ಶುರುವಾಗಿತ್ತು. 2002ರಲ್ಲೇ ಇಸ್ರೋ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಕಾಡಂಚಿನ ಸರಗೂರಿನಲ್ಲಿ ಮಲಗಿದವರ ಇಸಿಜಿಯನ್ನು ಬೆಂಗಳೂರಿನ ತಜ್ಞರು ನೋಡುತ್ತಿದ್ದರು. ಆಮೇಲೆ ಮಂಗಳೂರಿನ ಕೆಎಂಸಿಯ ಡಾ. ಪದ್ಮನಾಭ ಕಾಮತ್ ಇನ್ನೂ ಸರಳ ದಾರಿ ಹಿಡಿದರು. ಹಳ್ಳಿ ಡಾಕ್ಟರುಗಳಿಗೆ ಪುಟ್ಟ ಇಸಿಜಿ ಯಂತ್ರ ಕೊಡಿಸಿ, ತೆಗೆದದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಅಂದರು. ಗುಂಪಿನಲ್ಲಿರುವ ತಜ್ಞರು ನೋಡಿ ಉತ್ತರ ಹೇಳುತ್ತಾರೆ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಿಗೆ ಇದರಿಂದ ಉಪಕಾರ ಆಗಿದೆ. ನಾವು ಗುಡ್ ಮಾರ್ನಿಂಗ್ ಹೂವು ಕಳಿಸುವ ಅದೇ ವಾಟ್ಸ್‌ಆ್ಯಪ್.

ಇಷ್ಟೆಲ್ಲ ಇದ್ದರೂ ನನಗೆ ಸಮಾಧಾನ ಇಲ್ಲ. ಯಾಕೆ ಅಂದರೆ, ದೂರದ ತಜ್ಞರು ನೋಡಬೇಕಾದರೆ ಇಲ್ಲಿ ಯಾರಾದರೂ ಇಸಿಜಿ ತೆಗೆಯಬೇಕು. ರಾತ್ರಿ ಎರಡಕ್ಕೆ ತೆಗೆಯಬೇಕು. ಎದೆಯ ಮೇಲೆ ತಂತಿಗಳನ್ನು ಸರಿಯಾದ ಜಾಗದಲ್ಲಿ ಇಡಬೇಕು, ತಪ್ಪಿದರೆ ಚಿತ್ರವೇ ತಪ್ಪು ಬರುತ್ತದೆ. ಯಂತ್ರದಲ್ಲಿ ಕಾಗದ ಇರಬೇಕು, ಕರೆಂಟು ಹೋದರೂ ನಡೆಯಬೇಕು. ಇಂಜೆಕ್ಷನ್ ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಇದ್ದು, ಅದರ ಬೀಗದ ಕೈ ಪಾಳಿಯವರ ಹತ್ತಿರ ಇರಬೇಕು. ನಮ್ಮ ಪುಣ್ಯ, ಅವತ್ತು ಎಲ್ಲ ಇತ್ತು. ನನ್ನ ಗೆಳತಿಯ ಮಾವನಿಗೆ ಇರಲಿಲ್ಲ. ಅವರು ಹೋದ ಆಸ್ಪತ್ರೆಯಲ್ಲಿ ಯಂತ್ರ ಇತ್ತು, ತೆಗೆಯುವವರು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ ಅಂದರಂತೆ. ಯೋಜನೆಗೆ ಹೆಸರಿಡುವುದು ಸುಲಭ. ರಾತ್ರಿ ಪಾಳಿಗೆ ಒಬ್ಬ ನರ್ಸಿಗೆ ಇಸಿಜಿ ಕಲಿಸಿ ಕೂರಿಸುವುದು ಸುದ್ದಿಯಾಗುವುದಿಲ್ಲ. ಆದರೆ ಜೀವ ಉಳಿಯುವುದು ಅಲ್ಲಿ. ಶಾಸಕರು ಊರಿಗೆ ಬಂದಾಗ ನಾವು ರಸ್ತೆ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ. ಇದನ್ನೂ ಕೇಳಬೇಕು ಅಲ್ವಾ?

ಇನ್ನು ನಮ್ಮ ಕಡೆಯ ತಪ್ಪು. ನೇರವಾಗಿ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ನಾವು ಹೃದಯಕ್ಕೆ ಹೆದರುತ್ತೇವೆ, ಆದರೆ ಅದನ್ನು ನೋಡಿಕೊಳ್ಳುವುದಿಲ್ಲ. 2025ರ ಜೂನ್, ಜುಲೈಯಲ್ಲಿ ಹಾಸನದಿಂದ ದಿನಾ ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತಿತ್ತು. ಕೊರೊನಾ ಲಸಿಕೆಯೇ ಕಾರಣ ಅಂತ ಎಷ್ಟು ಮೆಸೇಜು ಹರಿದಾಡಿತು ನೆನಪಿದೆಯಾ? ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಮಾಡಿದ ತಜ್ಞರ ಸಮಿತಿ ಹಠಾತ್ ಸಾವುಗಳಿಗೂ ಲಸಿಕೆಗೂ ನೇರ ನಂಟು ಕಾಣಲಿಲ್ಲ ಅಂತ ವರದಿ ಕೊಟ್ಟಿತು. ಆ ವರದಿಯನ್ನು ಎಷ್ಟು ಜನ ಫಾರ್ವರ್ಡ್ ಮಾಡಿದರು? ಸಾಲಿನಲ್ಲಿ ನಿಂತು ಬಂದ ನನ್ನ ಸಂಬಂಧಿಕರೊಬ್ಬರು ಇಸಿಜಿ ನಾರ್ಮಲ್ ಬಂತು ಅಂತ ಖುಷಿಯಿಂದ ಬಿಪಿ ಮಾತ್ರೆ ಬಿಟ್ಟರು. ಇಸಿಜಿ ಅವತ್ತಿನ ಆ ಕೆಲವು ಸೆಕೆಂಡಿನ ಚಿತ್ರ. ಮುಂದಿನ ವರ್ಷಕ್ಕೆ ಅದು ಗ್ಯಾರಂಟಿ ಪತ್ರ ಆಗುವುದಿಲ್ಲ.

ಬಿಪಿ ಏರಿದ್ದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ನೋವಿಲ್ಲ, ತಲೆ ತಿರುಗುವುದೂ ಇಲ್ಲ. ಅದಕ್ಕೇ ಮಾತ್ರೆ ಬಿಡುವುದು ಅಷ್ಟು ಸುಲಭ. ಮನೆಯಲ್ಲಿ ಒಂದು ತೋಳಿಗೆ ಕಟ್ಟುವ ಬಿಪಿ ಯಂತ್ರ ಇಟ್ಟುಕೊಳ್ಳಿ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಮಾತಾಡದೆ ಎರಡು ಸಲ ನೋಡಿ ಬರೆದಿಡಿ. ಮನೆಯಲ್ಲಿ ನೋಡಿದಾಗ ದಿನಾ 135/85ಕ್ಕಿಂತ ಜಾಸ್ತಿ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಲೆಕ್ಕ ಹಾಕಿದರೆ ಮಧ್ಯಾಹ್ನದ ಊಟಕ್ಕೇ ಅದು ಮುಗಿದುಹೋಗುತ್ತದೆ. ಅಪ್ಪ ಉಪ್ಪಿನಕಾಯಿ ಬಿಡಲಿಲ್ಲ, ಕಡಿಮೆ ಮಾಡಿದರು. ಎಲೆಯಡಿಕೆ ಕವಳದಲ್ಲಿ ಹೊಗೆಸೊಪ್ಪು ಮಾತ್ರ ಪೂರ್ತಿ ಬಿಟ್ಟರು. ನಲವತ್ತು ವರ್ಷದ ಅಭ್ಯಾಸ. ಅದಕ್ಕೆ ನಾನು ಅವರ ಕಾಲಿಗೆ ಬೀಳಬೇಕು.

ಕೈಗಡಿಯಾರದ ಬಗ್ಗೆಯೂ ಒಂದು ಮಾತು. ಅಪ್ಪನಿಗೆ ಇಸಿಜಿ ತೆಗೆಯುವ ವಾಚು ತಂದುಕೊಡಲೇ ಅಂತ ಅಮೆರಿಕದಲ್ಲಿರುವ ಅಣ್ಣ ಕೇಳಿದ. ಪ್ರೀತಿಯಿಂದ ಕೇಳಿದ್ದು. ಆ ವಾಚುಗಳು ಎದೆಬಡಿತದ ಲಯ ತಪ್ಪುವುದನ್ನು ಹಿಡಿಯಬಲ್ಲವು, ಅದು ಉಪಯೋಗವೇ. ಆದರೆ ಅವು ಹೃದಯವನ್ನು ಒಂದೇ ಕೋನದಿಂದ ನೋಡುತ್ತವೆ. ಆಸ್ಪತ್ರೆಯ ಇಸಿಜಿ ಹನ್ನೆರಡು ಕೋನದಿಂದ ನೋಡುತ್ತದೆ. ಹಾರ್ಟ್ ಅಟ್ಯಾಕ್ ಹಿಡಿಯುವ ಕೆಲಸಕ್ಕೆ ವಾಚನ್ನು ನಂಬುವ ಹಾಗಿಲ್ಲ. ಎದೆ ಹಿಂಡುತ್ತಿರುವಾಗ ವಾಚು ಸರಿ ಇದೆ ಅಂದಿತು ಅಂತ ಮಲಗಿದರೆ, ಚಿಕ್ಕಪ್ಪನ ಓಂಕಾಳಿನ ಕಷಾಯಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಫೋನಿನಲ್ಲಿ ಡಾಕ್ಟರನ್ನು ಕೇಳುವುದೂ ಹಾಗೆಯೇ. ಅಪ್ಪ ಈಗ ಎರಡು ಸಲಕ್ಕೊಮ್ಮೆ ವಿಡಿಯೋದಲ್ಲೇ ತೋರಿಸುತ್ತಾರೆ. ಬಿಪಿ ಬರೆದ ಪುಸ್ತಕ ಓದಿ ಹೇಳುತ್ತಾರೆ, ಡಾಕ್ಟರು ಮಾತ್ರೆ ಹೆಚ್ಚುಕಡಿಮೆ ಮಾಡುತ್ತಾರೆ. ಘಾಟಿ ಇಳಿದು ಹತ್ತುವ ಒಂದು ದಿನ, ಕಾರು ಬಾಡಿಗೆ, ದಣಿವು ಎಲ್ಲ ಉಳಿಯಿತು. ಸರ್ಕಾರದ ಇ-ಸಂಜೀವಿನಿಯಲ್ಲಿ ದುಡ್ಡಿಲ್ಲದೇ ಇದು ಆಗುತ್ತದೆ. ಆದರೆ ನಮ್ಮ ಪಕ್ಕದೂರಿನ ಒಬ್ಬ ಹುಡುಗ ಎದೆನೋವು ಅಂತ ಯಾವುದೋ ಆ್ಯಪಿನಲ್ಲಿ ಕೇಳಿದಾಗ, ನಾಲ್ಕು ನಿಮಿಷ ಮಾತಾಡಿ ಅಸಿಡಿಟಿ ಮಾತ್ರೆ ಬರೆದುಕೊಟ್ಟರಂತೆ. ಅವನಿಗೆ ಏನೂ ಆಗಲಿಲ್ಲ, ದೇವರ ದಯೆ. ಹೊಸ ಎದೆನೋವು ಫೋನಿನ ಕೆಲಸ ಅಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ಗಾಡಿ ಹತ್ತಿ ಇಸಿಜಿ ಇರುವ ಕಡೆ ಹೋಗಿ.

ಹೆಂಗಸರಿಗೆ, ಶುಗರ್ ಇರುವವರಿಗೆ ನೋವು ಎದೆಯಲ್ಲೇ ಬರಬೇಕು ಅಂತಿಲ್ಲ. ವಿಪರೀತ ಸುಸ್ತು, ಉಬ್ಬಸ, ವಾಕರಿಕೆ, ಬೆನ್ನಿನ ಮೇಲ್ಭಾಗದ ನೋವು, ಇಷ್ಟೇ ಇರಬಹುದು. ಅಮ್ಮಂದಿರು ಹೇಳುವುದೂ ಇಲ್ಲ. ಒಲೆ ಮುಂದೆ ಕೂತು ಸುಧಾರಿಸಿಕೊಂಡು ಮತ್ತೆ ದೋಸೆ ಹೊಯ್ಯುತ್ತಾರೆ. ನೀವಾಗಿಯೇ ಕೇಳಿ.

ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಇನ್ನೊಂದು ಮಾತು. ರಕ್ತ ತೆಳು ಮಾಡುವ ಮಾತ್ರೆಗಳನ್ನು ಹುಷಾರಾದೆ ಅಂತ ತಾವೇ ನಿಲ್ಲಿಸಬಾರದು. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು. ಹಲ್ಲು ಕೀಳಿಸಲು ಹೋದರೂ ಮೊದಲು ಹೃದಯದ ಡಾಕ್ಟರನ್ನು ಕೇಳಿ. ಇದಕ್ಕೆ ಮಾತ್ರ ಫೋನು ಧಾರಾಳ ಸಾಕು.

ಅವತ್ತು ರಾತ್ರಿ ಆ ಚಿಕ್ಕ ಡಾಕ್ಟರು ಅಮ್ಮನನ್ನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: "ಹಳೇ ಇಸಿಜಿ ಇದೆಯಾ?" ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಏನು ಬದಲಾಗಿದೆ ಅಂತ ಬೇಗ ತಿಳಿಯುತ್ತದೆಯಂತೆ. ನಮ್ಮ ಹತ್ತಿರ ಇರಲಿಲ್ಲ. ಈಗ ಮನೆಯ ಎಲ್ಲರ ಇಸಿಜಿ, ಮಾತ್ರೆ ಚೀಟಿ ನನ್ನ, ಅಣ್ಣನ, ಅಮ್ಮನ ಫೋನುಗಳಲ್ಲಿದೆ. ಚಿಕ್ಕಪ್ಪನ ಮಗನದ್ದೂ ಇದೆ. ಅವನಿಗೆ ಈಗ 38. ನಿನ್ನ ಅಪ್ಪ ಐವತ್ತೊಂದಕ್ಕೇ ಹೋದದ್ದನ್ನು ಪ್ರತಿ ಡಾಕ್ಟರಿಗೂ ಮರೆಯದೆ ಹೇಳು ಅಂತ ಅವನಿಗೆ ಹೇಳಿದ್ದೇನೆ. ಮನೆತನದ ಈ ಇತಿಹಾಸ ಅವರಿಗೆ ಗೊತ್ತಿರಲೇಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ. ರಾತ್ರಿ ಇಸಿಜಿ ತೆಗೆಯುವವರು ಇದ್ದಾರಾ? ಹೃದಯ ಜ್ಯೋತಿಯ ಇಂಜೆಕ್ಷನ್ ಇಲ್ಲಿ ಸಿಗುತ್ತದಾ? ಸಿಕ್ಕ ಉತ್ತರವನ್ನು ನನಗೆ ತಿಳಿಸಿ, ಊರಿನ ಹೆಸರಿನ ಜೊತೆ ಒಂದು ಪಟ್ಟಿ ಮಾಡುತ್ತೇನೆ. ಇಲ್ಲ ಅನ್ನುವ ಉತ್ತರ ಬಂದರೂ ಬರೆಯಿರಿ, ಆ ಊರಿನವರಿಗೆ ಅದು ಮೊದಲೇ ಗೊತ್ತಿದ್ದರೆ ಜೀಪು ಯಾವ ಕಡೆ ತಿರುಗಿಸಬೇಕು ಅಂತ ತಿಳಿಯುತ್ತದೆ.