ಪುಸ್ತಕದ ತಲೆ ಮೇಲೆ ಒಂದು ಮಾಡು ಬೇಕು

ನಮ್ಮೂರಿನ ಹೊಸ ಲೈಬ್ರರಿಗೆ ಹೋದ ವಾರ ಮೌಲ್ಡ್ ಹಾಕಿದರು. ಇಷ್ಟು ವರ್ಷ ಬಾಡಿಗೆ ಕೋಣೆಯಲ್ಲಿ, ಎರಡು ಬೆಂಚಿನಲ್ಲಿ ಕಾಲ ತಳ್ಳಿದ ಲೈಬ್ರರಿಗೆ ಸ್ವಂತ ಕಟ್ಟಡ ಆಗುತ್ತಿದೆ. ನನಗೆ ಮನೆ ಕಟ್ಟಿದಷ್ಟೇ ಖುಷಿ. ದಿನಾ ಸಂಜೆ ಹೋಗಿ ನೋಡಿಕೊಂಡು ಬರುತ್ತೇನೆ. ಈಗ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಚೆನ್ನಾಗಿ ಗಟ್ಟಿಯಾಗಲಿ ಅಂತ ತಾರಸಿ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಆ ನೀರು ನೋಡಿದಾಗಲೇ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಜುಲೈನಲ್ಲಿ ಅಲ್ಲಿ ನೀರು ನಿಲ್ಲಿಸಲು ಯಾರೂ ಬೇಕಿಲ್ಲ, ಅಲ್ವಾ?

ನಕ್ಷೆ ಕೇಳಿ ನೋಡಿದೆ. ಮೇಲೆ ಬೋಳು ತಾರಸಿ. ಮುಂದೆ ಎರಡಾಳೆತ್ತರ ಗಾಜು. ಜಗಲಿ ಇಲ್ಲ. ಇದು ಬಯಲುಸೀಮೆಗೆ ಹೊಂದುವ ಕಟ್ಟಡ. ಆಗುಂಬೆ ಕಡೆಯಿಂದ ಮೋಡ ಬರುವ ಊರಿಗೆ ಅಲ್ಲ.

ನಮ್ಮಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದವರನ್ನೇ ಕೇಳಿ. ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಮೇಲೆ ಪೈಪ್ ನಿಲ್ಲಿಸಿ ಶೀಟ್ ಹೊದೆಸಿರುತ್ತಾರೆ. ನಾವೂ ಹೊದೆಸಿದ್ದೇವೆ. ನೀರು ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ, ಕಂಬಿ ಉಬ್ಬುತ್ತದೆ, ಕೆಳಗಡೆ ಗಾರೆ ಹಕ್ಕಳೆ ಏಳುತ್ತದೆ. ಮನೆಯಾದರೆ ಬಕೆಟ್ ಇಟ್ಟು ಮಲಗಬಹುದು. ಕಪಾಟಿನ ಮೇಲೆ ಸೋರಿದರೆ ಏನು ಮಾಡುವುದು?

ಹಳೇ ಲೈಬ್ರರಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ಗೋಡೆಗೆ ತಾಗಿದ್ದ ಕಪಾಟಿನಿಂದ ಒಂದು ಪುಸ್ತಕ ಎಳೆದರೆ ಪಕ್ಕದ ಎರಡೂ ಅಂಟಿಕೊಂಡು ಬಂದವು. ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟು, ಬೆರಳಿಟ್ಟರೆ ಗುರುತು ಮೂಡುವಷ್ಟು ದಪ್ಪ. ಹಾಳೆ ಬಿಡಿಸಲು ಹೋದರೆ ಅಕ್ಷರ ಸಮೇತ ಕಿತ್ತು ಬಂತು. ಲೈಬ್ರರಿ ನೋಡಿಕೊಳ್ಳುತ್ತಿದ್ದ ಅಕ್ಕ ಹದಿನೈದಿಪ್ಪತ್ತು ಪುಸ್ತಕಗಳನ್ನು ಬೆಂಚಿನ ಮೇಲೆ ಬಿಡಿಸಿ ನಿಲ್ಲಿಸಿ ಫ್ಯಾನ್ ಹಾಕಿದರು. ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. "ಇನ್ನು ನಾಳೆನೋ ನಾಡಿದ್ದೋ" ಅಂದವರು, ಸೆರಗಿನಿಂದ ಒಂದೊಂದೇ ರಟ್ಟು ಒರೆಸುತ್ತಾ ಕೂತರು.

ಗಾಳಿಯ ತೇವ 65% ದಾಟಿತು ಅಂದರೆ ಕಾಗದಕ್ಕೆ ಬೂಷ್ಟು ಹತ್ತುವುದು ಸುಲಭ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ದಿನ ಎಷ್ಟಿವೆ ಹೇಳಿ? ಅಡಿಕೆಗೆ ಅಟ್ಟ, ಸೌದೆಗೆ ಕೊಟ್ಟಿಗೆ ಅಂತ ಮಳೆ ಲೆಕ್ಕ ಹಾಕಿಯೇ ಕಟ್ಟುವ ಜನ ನಾವು.

ಹಾಗಾಗಿ ತಾರಸಿ ಮೇಲೆ ಇಳಿಜಾರಾದ ಹಂಚಿನ ಮಾಡು ಬರಲಿ. ಬರೀ ಶೀಟ್ ಹಾಕಿದರೆ ಜಡಿಮಳೆ ಸದ್ದಿಗೆ ಕೂತು ಓದಲು ಆಗುವುದಿಲ್ಲ. ಮಾಡು ಗೋಡೆಯಿಂದ ಚೆನ್ನಾಗಿ ಹೊರಗೆ ಚಾಚಲಿ, ಎರಚಲು ಗೋಡೆಗೆ ಬಡಿಯಬಾರದು. ಕಪಾಟು ಗೋಡೆಯಿಂದ ಒಂದು ಗೇಣು ಈಚೆಗಿರಲಿ. ಮತ್ತೆ ಜಗಲಿ ಬೇಕೇ ಬೇಕು. ಒದ್ದೆ ಕೊಡೆ ಎಲ್ಲಿಡುತ್ತೀರಿ? ಬಸ್ಸಿಗೆ ಕಾಯುವ ಹೈಸ್ಕೂಲ್ ಮಕ್ಕಳು ಮೊದಲು ಮಳೆಗೆ ಅಂತ ಜಗಲಿ ಹತ್ತುತ್ತಾರೆ. ಆಮೇಲೆ ಒಳಗೆ ಇಣುಕುತ್ತಾರೆ. ಆಮೇಲೆ ಒಂದು ಕಥೆ ಪುಸ್ತಕ ಎತ್ತಿಕೊಳ್ಳುತ್ತಾರೆ. ನಾನು ಓದಲು ಶುರು ಮಾಡಿದ್ದೂ ಹಾಗೇ.

ದುಡ್ಡು ಎಲ್ಲಿಂದ ಅನ್ನುವವರು ಮನೆ ಕಂದಾಯದ ರಸೀದಿ ತೆಗೆದು ನೋಡಿ. ಕಂದಾಯದ ಮೇಲೆ 6% ಗ್ರಂಥಾಲಯ ಕರ ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ನಾವೇ ಕಟ್ಟಿದ ದುಡ್ಡು, ಕೇಳಲು ಸಂಕೋಚ ಯಾಕೆ? ಕೋಲ್ಕತ್ತದಲ್ಲಿ 1972ರಲ್ಲಿ ಶುರುವಾದ ರಾಜಾ ರಾಮಮೋಹನ ರಾಯ್ ಲೈಬ್ರರಿ ಫೌಂಡೇಶನ್ ಕೂಡ ಲೈಬ್ರರಿಗಳಿಗೆ ನೆರವು ಕೊಡುತ್ತದೆ. ಅದೆಲ್ಲ ತಡ ಆಗುತ್ತದೆ ಅಂದರೆ ಗಾಜಿಗೆ ಇಟ್ಟ ದುಡ್ಡನ್ನೇ ಮಾಡಿಗೆ ತಿರುಗಿಸಲಿ.

ಗಾಜಿಗೆ ಇನ್ನೂ ಆರ್ಡರ್ ಹೋಗಿಲ್ಲವಂತೆ. ಸೋಮವಾರ ಮನವಿ ಕೊಡುತ್ತಿದ್ದೇವೆ. ಭಾನುವಾರ ಸಂಜೆ ಐದಕ್ಕೆ ಹಳೇ ಲೈಬ್ರರಿ ಹತ್ತಿರ ಬಂದು ಸಹಿ ಹಾಕಿ. ಮಾಡು ಕಟ್ಟಿ ಗೊತ್ತಿರುವ ಮೇಸ್ತ್ರಿಗಳು, ಬಡಗಿಗಳು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ. ಇಳಿಜಾರು ಎಷ್ಟಿರಬೇಕು, ಎಷ್ಟು ಹಂಚು ಬೇಕಾಗುತ್ತದೆ ಅಂತ ನಿಮ್ಮಿಂದಲೇ ಬರೆಸಿಕೊಳ್ಳಬೇಕು.