ಕಾರಿಗೆ ಮೂರು ಕೋಟು, ಕಟ್ಟಡಕ್ಕೆ ಒಂದು ನೋಟೀಸು

ಭಾನುವಾರ ಬೆಳಿಗ್ಗೆ ಆರೂವರೆ. ಹಾಲು ತರಲು ಕೆಳಗೆ ಇಳಿದವನು ಹೆದರಿ ನಿಂತೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ನಮ್ಮ ಭಾವ ಬಲಗೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಕಾರಿನ ಬಾನೆಟ್ ಸವರುತ್ತಿದ್ದರು. ಊರಲ್ಲಿ ಮೈ ಬಿಸಿಯಾದ ದನವನ್ನು ಹೀಗೆ ಸವರುವುದು ನೋಡಿದ್ದೆ.

"ಏನಾಯ್ತು ಭಾವ?"

"ಸುಮ್ನಿರು ಮಾರಾಯ. ತರಿ ಹುಡುಕ್ತಾ ಇದ್ದೇನೆ."

ಬಣ್ಣದ ಮೇಲೆ ಕೂತ ಕಬ್ಬಿಣದ ಪುಡಿ, ಟಾರಿನ ಚುಕ್ಕೆ ಬರಿಗೈಗೆ ಅಷ್ಟಾಗಿ ಸಿಕ್ಕುವುದಿಲ್ಲವಂತೆ. ಪ್ಲಾಸ್ಟಿಕ್ಕಿನ ಒಳಗಿಂದ ಮುಟ್ಟಿದರೆ ತರಿತರಿ ಗೊತ್ತಾಗುತ್ತದಂತೆ. ಭಾವ ಅತ್ತ ಹೋದ ಮೇಲೆ ನಾನೂ ಹಾಲಿನ ಚೀಲ ಕೈಗೆ ಹಾಕಿ ಕದ್ದು ಮುಟ್ಟಿ ನೋಡಿದೆ. ಹೌದು, ಗೊತ್ತಾಗುತ್ತದೆ.

ತರಿ ಸಿಕ್ಕಿತೋ, ಕ್ಲೇ ಬಾರ್ ಹೊರಗೆ ಬರುತ್ತದೆ. ಮಕ್ಕಳು ಆಡುವ ಜೇಡಿಯಂಥದ್ದು. ಅದನ್ನು ನಾದಿ, ಚಪ್ಪಟೆ ಮಾಡಿ, ಸೋಪಿನ ನೀರು ಚಿಮುಕಿಸಿ ಬಣ್ಣದ ಮೇಲೆ ಜಾರಿಸಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಎಸೆಯಬೇಕು. ಮರಳು ಅಂಟಿದ ಜೇಡಿ ಅಂದರೆ ಉಪ್ಪುಕಾಗದ ಇದ್ದ ಹಾಗೆ. ಭಾವ ಅದನ್ನು ಅಂಗೈಯಲ್ಲಿ ಉಂಡೆ ಮಾಡಿ ನಾದುವ ಚಂದ ನೋಡಬೇಕು. ಮೂರನೇ ಮಾಳಿಗೆಯ ಗ್ಯಾಲರಿಯಿಂದ ಅಕ್ಕ ಕೂಗಿದಳು: "ನೋಡಿದ್ಯಾ ತಮ್ಮಾ? ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ಒಂದು ದಿನ ಚಪಾತಿ ಹಿಟ್ಟು ಮುಟ್ಟಿದವರಲ್ಲ."

ಭಾವ ಒಬ್ಬರನ್ನೇ ಬೈಯುವ ಹಾಗಿಲ್ಲ. ನಮ್ಮಲ್ಲಿ ಇದು ಅಂಟುರೋಗ. ಮೊದಲು ಒಬ್ಬ ಹುಡುಗ ಕಾರಿಗೆ ತಿಂಗಳಿಗೆ ಆರುನೂರು ತೆಗೆದುಕೊಂಡು ಒಂದೇ ಬಾಲ್ದಿ, ಒಂದೇ ಬಟ್ಟೆಯಲ್ಲಿ ಅಷ್ಟೂ ಕಾರು ಒರೆಸುತ್ತಿದ್ದ. ಒಬ್ಬರ ಕಾರಿನ ಮಣ್ಣನ್ನು ಇನ್ನೊಬ್ಬರ ಕಾರಿಗೆ ತಿಕ್ಕುತ್ತಿದ್ದ ಅನ್ನುವುದು ಸುಳ್ಳಲ್ಲ. ಬಿಸಿಲಿಗೆ ಹಿಡಿದರೆ ಬಣ್ಣದ ಮೇಲೆ ಜೇಡರ ಬಲೆಯಂಥ ಗೆರೆಗಳು ಕಾಣುತ್ತಿದ್ದವು. ಅವನನ್ನು ಬಿಡಿಸಿದರು. ಈಗ ಎರಡು ಬಾಲ್ದಿ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಮಣ್ಣು ಕೂರಲಿಕ್ಕೆ ಜಾಲರಿ. ತೊಳೆಯುವುದು ಮೇಲಿಂದ ಕೆಳಗೆ, ನೇರ ಗೆರೆಯಲ್ಲಿ. ಗುಂಡಗೆ ತಿಕ್ಕಿದರೆ ಪಾಪ. ಟಯರು ಒರೆಸಿದ ಬಟ್ಟೆ ಬಾಗಿಲಿಗೆ ತಾಗಿದರೆ ಮೈಲಿಗೆ. ಪಾತ್ರೆ ತೊಳೆಯುವ ಸೋಪು ಹತ್ತಿರ ಬರಕೂಡದು, ಹಚ್ಚಿದ ವ್ಯಾಕ್ಸ್ ಎದ್ದು ಹೋಗುತ್ತದೆ. ನಮ್ಮ ಅಜ್ಜಿಯ ಮಡಿಯಲ್ಲಿ ಇದಕ್ಕಿಂತ ರಿಯಾಯಿತಿ ಇತ್ತು.

ಇಷ್ಟೆಲ್ಲ ಬಣ್ಣದ ಮೇಲೆ ಇರುವ ಕ್ಲಿಯರ್ ಕೋಟ್ ಎಂಬ ಪದರ ಉಳಿಯಲಿ ಅಂತ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ತಮಾಷೆ ಏನು ಅಂದರೆ, ಗೆರೆ ಹೋಗಲಿ ಅಂತ ಪಾಲಿಶ್ ಮಾಡುವಾಗ ಕೆರೆಯುವುದು ಇದೇ ಪದರವನ್ನು. ಪ್ರತಿ ಸಲ ಚೂರು ಚೂರು ಸವೆಯುತ್ತದೆ. ಭಾವ ಕಳೆದ ವರ್ಷ ಮೂರು ಸಲ ಪಾಲಿಶ್ ಮೆಷಿನ್ ಹಿಡಿದಿದ್ದಾರೆ. ಪ್ರೀತಿ ಹೀಗೇ ಮುಂದುವರಿದರೆ ಬೇಗ ಬಣ್ಣದ ಅಡಿಯ ಪ್ರೈಮರ್ ಕಾಣಲಿದೆ.

ಕೆರೆದ ಮೇಲೆ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣ ಕಾಯಲಿಕ್ಕೆ ಇನ್ನೊಂದು ಗಟ್ಟಿ ಪದರ. ಅದನ್ನು ಮಾತ್ರ ಅಂಗಡಿಯಲ್ಲಿ ಹಾಕಿಸಿದರು, ಇಪ್ಪತ್ತೆರಡು ಸಾವಿರ ಕೊಟ್ಟು. "9ಎಚ್ ಮಾರಾಯ, 9ಎಚ್!" ಅಂತ ಒಂದು ವಾರ ಕುಣಿದರು. ಈ ಎಚ್ ಎಲ್ಲಿಯದು ಅಂತ ಹುಡುಕಿದರೆ ಪೆನ್ಸಿಲಿನದ್ದು! ಶಾಲೆಯಲ್ಲಿ ಎಚ್‌ಬಿ ಪೆನ್ಸಿಲ್ ಇತ್ತಲ್ವಾ, ಅದೇ ಲೆಕ್ಕದಲ್ಲಿ 9ಎಚ್ ತುಂಬಾ ಗಟ್ಟಿ. ಆ ಪೆನ್ಸಿಲಿನಿಂದ ಗೀಚಿದರೂ ಗೆರೆ ಬೀಳುವುದಿಲ್ಲ ಅಂತ ಅರ್ಥ. ಡೊಂಬಿವಲಿ ಸ್ಟೇಷನ್ ರಸ್ತೆಯಲ್ಲಿ ಪೆನ್ಸಿಲ್ ಹಿಡಿದು ಯಾರೂ ಎದುರು ಬರುವುದಿಲ್ಲ. ರಿಕ್ಷಾ ಬರುತ್ತದೆ.

ಹಾಗೆ ನೋಡಿದರೆ ಡೊಂಬಿವಲಿಗೆ ಬಣ್ಣದ ನಂಟು ಹಳೆಯದು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ರಸ್ತೆಯೇ ಗುಲಾಬಿ ಆಯ್ತು, ರಾಸಾಯನಿಕದ ಕೃಪೆ. ಮುಖ್ಯಮಂತ್ರಿಯೇ ಬಂದು ನೋಡಿಕೊಂಡು ಹೋದರು. ಆವತ್ತು ನಮ್ಮ ಸೊಸೈಟಿಯ ವಾಟ್ಸಾಪಿನಲ್ಲಿ ಬಂದ ಮೊದಲ ಪ್ರಶ್ನೆ: "ಬಿಳಿ ಕಾರಿಗೆ ಹಾರಿದರೆ ಹೋಗುತ್ತಾ?"

ಇನ್ನು ನೀರು. ಬೇಸಿಗೆಯಲ್ಲಿ ನಮಗೆ ಟ್ಯಾಂಕರೇ ಗತಿ. ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಅದನ್ನು ಭಾವನಿಗೆ ನೆನಪಿಸಿದೆ. "ಇದು ಟ್ಯಾಂಕರ್ ನೀರು, ಕುಡಿಯೋ ನೀರಲ್ಲ" ಅಂದರು. ಸರಿ. ಆದರೆ ಟ್ಯಾಂಕರ್ ನೀರು ಗಡಸು. ಬಣ್ಣದ ಮೇಲೆ ಒಣಗಿದರೆ ಸುಣ್ಣದ ಬಿಳಿ ಕಲೆ ಕೂರುತ್ತದೆ. ಹಾಗಾಗಿ ಕೊನೇ ಸುತ್ತಿಗೆ ಅಡುಗೆಮನೆಯಿಂದ ಹತ್ತು ಲೀಟರ್ ಆರ್‌ಒ ನೀರು ಇಳಿಯುತ್ತದೆ. ಆ ಯಂತ್ರ ಒಂದು ಲೀಟರ್ ಕೊಡಲಿಕ್ಕೆ ಎರಡು ಮೂರು ಲೀಟರ್ ಮೋರಿಗೆ ಬಿಡುತ್ತದೆ, ಅದು ಬೇರೆ ವಿಷಯ. ಭಾವ ಬಾನೆಟ್ಟಿಗೆ ಆರ್‌ಒ ಅಭಿಷೇಕ ಮಾಡುವ ಹೊತ್ತಿಗೆ, ನಾಲ್ಕು ಹೆಜ್ಜೆ ಆಚೆ ವಾಚ್‌ಮನ್ ಟಾಂಕಿಯ ನಳ್ಳಿಗೆ ಬೊಗಸೆ ಒಡ್ಡಿ ನೀರು ಕುಡಿಯುತ್ತಿದ್ದ.

ಇಷ್ಟಾಗಿ ಆ ಕಾರು ಹೊರಗೆ ಹೋಗುವುದು ತಿಂಗಳಿಗೆ ಎರಡು ಸಲ. ಭಾವ ಕೆಲಸಕ್ಕೆ ಹೋಗುವುದು ಲೋಕಲ್ ರೈಲಿನಲ್ಲಿ, ಬ್ಯಾಗು ಎದೆಗೆ ಅಪ್ಪಿಕೊಂಡು. ನಾಲ್ಕೂ ಕಡೆಯಿಂದ ಮೊಣಕೈ ತಿಕ್ಕುತ್ತವೆ. ಗುಂಡಗೂ ತಿಕ್ಕುತ್ತವೆ, ನೇರವಾಗಿಯೂ ತಿಕ್ಕುತ್ತವೆ.

ಅಂಗಳದಲ್ಲಿ ನಿಂತು ತಲೆ ಎತ್ತಿದರೆ ನಮ್ಮ ಕಟ್ಟಡ. ವಯಸ್ಸು 32. ಕೊನೆಯ ಸಲ ಬಣ್ಣ ಕಂಡದ್ದು 2009ರಲ್ಲಿ. ಐದನೇ ಮಾಳಿಗೆಯ ಪೈಪಿನ ಪಕ್ಕ ಅಶ್ವತ್ಥದ ಗಿಡ ಎದೆಯೆತ್ತರ ಬೆಳೆದಿದೆ. ಪೈಪು ಸೋರುವುದರಿಂದ ನೀರು ಹಾಕುವ ಗೋಜಿಲ್ಲ. ಇಲ್ಲಿನ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ 30 ವರ್ಷ ದಾಟಿದ ಕಟ್ಟಡಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಗಟ್ಟಿ ಇದೆಯಾ ಅನ್ನುವ ತಪಾಸಣೆ, ಆಗಬೇಕು. ನಮ್ಮದೂ ಆಯ್ತು. ತಕ್ಷಣ ರಿಪೇರಿ ಮಾಡಿಸಿ ಅಂತ ವರದಿ ಬಂತು. ಕಾರ್ಯದರ್ಶಿಗಳು ಆ ವರದಿಯನ್ನು ಲ್ಯಾಮಿನೇಟ್ ಮಾಡಿಸಿ ಕಪಾಟಿನಲ್ಲಿ ಇಟ್ಟಿದ್ದಾರೆ. ಮಳೆಗೆ ಹಾಳಾಗಬಾರದಲ್ವಾ?

ರಿಪೇರಿಗೂ ಬಣ್ಣಕ್ಕೂ ಸೇರಿ ಮನೆಗೆ ನಲವತ್ತೈದು ಸಾವಿರ ಬೀಳುತ್ತದೆ ಅಂದಾಗ ಮೀಟಿಂಗಿನಲ್ಲಿ ಗಲಾಟೆಯೋ ಗಲಾಟೆ. ಗ್ಯಾರಂಟಿ ಎಷ್ಟು ವರ್ಷ ಅಂತ ಒಬ್ಬರು. ದೀಪಾವಳಿ ಕಳೀಲಿ ಅಂತ ಇನ್ನೊಬ್ಬರು. ಯಾವ ದೀಪಾವಳಿ ಅಂತ ಯಾರೂ ಕೇಳಲಿಲ್ಲ. ಭಾವ ನನ್ನ ಕಿವಿಯ ಹತ್ತಿರ ಬಗ್ಗಿದರು. "ಗೋಡೆಗೆ ಬಣ್ಣ ಹಚ್ಚಿ ಏನು ಉಪಯೋಗ ಮಾರಾಯ? ಹೇಗೂ ಬಿಸಿಲು ಮಳೆಗೆ ಹೋಗುತ್ತೆ." ನೋಟೀಸ್ ಬೋರ್ಡಿಗೆ ಒಂದು ಕಾಗದ ಹತ್ತಿತು: ವಿಷಯ ಪರಿಶೀಲನೆಯಲ್ಲಿದೆ.

ಜುಲೈಯಲ್ಲಿ ಒಂದು ರಾತ್ರಿ ಎರಡನೇ ಮಾಳಿಗೆಯ ಛಜ್ಜಾ (ಕಿಟಕಿಯ ಮೇಲಿನ ಕಾಂಕ್ರೀಟ್ ಚಾಚು) ಪರಿಶೀಲನೆಗೆ ಕಾಯಲಿಲ್ಲ. ತೆಂಗಿನಕಾಯಿ ಗಾತ್ರದ ತುಂಡು ನೇರ ಭಾವನ ಬಾನೆಟ್ಟಿನ ಮೇಲೆ ಬಿತ್ತು. ಸದ್ದಿಗೆ ಇಡೀ ಸೊಸೈಟಿ ಕೆಳಗೆ ಓಡಿತು. ಭಾವ ಲುಂಗಿಯಲ್ಲೇ ಬಂದು ಮೊಬೈಲ್ ಟಾರ್ಚ್ ಹಿಡಿದು, ಮೂಗು ತಾಗುವಷ್ಟು ಬಗ್ಗಿ, ಐದು ನಿಮಿಷ ಪರೀಕ್ಷೆ ಮಾಡಿದರು. ಯಾರೂ ಉಸಿರು ಬಿಡಲಿಲ್ಲ. ಆಮೇಲೆ ತಲೆ ಎತ್ತಿದರು. ಮುಖದಲ್ಲಿ ಸಮಾಧಾನ.

"ಕೋಟಿಂಗಿಗೆ ಏನೂ ಆಗಿಲ್ಲ ಮಾರಾಯ. ತಗಡು ಮಾತ್ರ ಒಳಗೆ ಹೋಗಿದೆ."

ಎರಡೇ ದಿನದಲ್ಲಿ ತುರ್ತು ಮೀಟಿಂಗ್. ಅಂಥ ಹಾಜರಿ ನಾನು ಕಂಡಿಲ್ಲ. ಹತ್ತು ನಿಮಿಷದಲ್ಲಿ ಒಮ್ಮತದ ಠರಾವು ಪಾಸಾಯಿತು: ಇನ್ನು ಮುಂದೆ ಎಲ್ಲ ಕಾರುಗಳೂ ಗೋಡೆಯಿಂದ ಆರು ಅಡಿ ದೂರ ನಿಲ್ಲಬೇಕು. ಅಂಗಳಕ್ಕೆ ಹಳದಿ ಗೆರೆ ಎಳೆಯಲು ಕಟ್ಟಡದ ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ಸಿಂಕಿಂಗ್ ಫಂಡಿನಿಂದಲೇ ದುಡ್ಡು ತೆಗೆದರು. 2009ರ ಮೇಲೆ ನಮ್ಮ ಸೊಸೈಟಿಗೆ ಬಣ್ಣ ಬಂದದ್ದು ಇದೇ ಮೊದಲು.

ಛಜ್ಜಾದ ಕೆಳಗೆ ಖಾಲಿಯಾದ ಜಾಗ ಸುಮ್ನೆ ಹಾಳಾಗುವುದು ಬೇಡ ಅಂತ ಅಲ್ಲಿ ಎರಡು ಬೆಂಚು ಹಾಕಿಸಿದ್ದಾರೆ, ಹಿರಿಯ ನಾಗರಿಕರಿಗೆ. ಸಂಜೆ ಗಾಳಿ ಚೆನ್ನಾಗಿ ಬರುತ್ತದಂತೆ. ಬಾ ಕೂತ್ಕೋ ಅಂತ ನನ್ನನ್ನೂ ಕರೆಯುತ್ತಾರೆ.