ಕತ್ತಿನ ಆಪರೇಷನ್ ಜೊತೆಗೆ ಥೈಮಸ್ಸನ್ನೂ ತೆಗೆಸಬೇಕೇ?

ಪರ: ಅಕ್ಕ ಬರೆದದ್ದು

ಅಪ್ಪನಿಗೆ ಪದೇ ಪದೇ ಕಿಡ್ನಿಯಲ್ಲಿ ಕಲ್ಲಾಗುತ್ತಿತ್ತು. ನಮ್ಮದು ಜಗಳೂರು ಕಡೆಯ ಹಳ್ಳಿ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಕಲ್ಲಿಗೂ ಮೂಳೆನೋವಿಗೂ ನೀರನ್ನೇ ದೂರಿದೆವು. ದಾವಣಗೆರೆಗೆ ಬಂದು ಮನೆ ಮಾಡಿದ ಮೇಲೂ ಕಲ್ಲು ನಿಲ್ಲಲಿಲ್ಲ. ಕೆಮ್ಮು ಶುರುವಾದಾಗ ಬೀಡಿಯದ್ದು ಅಂದುಕೊಂಡೆವು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಎದೆಮೂಳೆಯ ಹಿಂದೆ ಮುಷ್ಟಿ ಗಾತ್ರದ ಗಡ್ಡೆ. ಥೈಮಸ್ ಅನ್ನುವ ಗ್ರಂಥಿಯ ಕಾರ್ಸಿನಾಯ್ಡ್, ಅಂದರೆ ಒಂದು ಬಗೆಯ ಕ್ಯಾನ್ಸರ್. ಅಷ್ಟು ಬೆಳೆಯುವ ತನಕ ಅದು ಒಂದು ಸುಳಿವೂ ಕೊಟ್ಟಿರಲಿಲ್ಲ.

ಆಮೇಲೆ ಮೂಲ ಕಾಯಿಲೆಯ ಹೆಸರು ಗೊತ್ತಾಯಿತು: ಎಂಇಎನ್-1, ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬೆಳೆಸುವ ವಂಶದ ಕಾಯಿಲೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಇರುವಂಥದ್ದು. ಇದಕ್ಕೆ ಕಾರಣವಾದ ಜೀನ್ 11ನೇ ಕ್ರೋಮೋಸೋಮಿನಲ್ಲಿದೆ, ಆ ಜೀನನ್ನು ಗುರುತಿಸಿದ್ದು 1997ರಲ್ಲಿ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನನಗೂ ಬಂದಿದೆ, ತಮ್ಮನಿಗೂ ಬಂದಿದೆ. 50 ವರ್ಷ ಆಗುವಷ್ಟರಲ್ಲಿ ಇಂಥವರ ಪೈಕಿ 100ಕ್ಕೆ 90ಕ್ಕಿಂತ ಜಾಸ್ತಿ ಜನರ ಪ್ಯಾರಾಥೈರಾಯ್ಡ್ ಗ್ರಂಥಿಗಳು (ಕ್ಯಾಲ್ಸಿಯಂ ಹತೋಟಿಯಲ್ಲಿಡುವ, ಕತ್ತಿನಲ್ಲಿರುವ ನಾಲ್ಕು ಪುಟ್ಟ ಗ್ರಂಥಿಗಳು) ಕೆಟ್ಟು, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅಪ್ಪನ ಕಲ್ಲು ಬಂದದ್ದು ಅಲ್ಲಿಂದ. ಈಗ ತಮ್ಮನ ಕತ್ತಿನ ಆಪರೇಷನ್ ಹೇಗೂ ಆಗಲೇಬೇಕು. ಕತ್ತು ತೆರೆದಾಗಲೇ ಥೈಮಸ್ಸನ್ನೂ ತೆಗೆಸಿಬಿಡು ಅನ್ನುವುದು ನನ್ನ ಮಾತು.

ಯಾಕೆ ಅಂದರೆ, ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕೆಳಗಿನ ಎರಡು ಪ್ಯಾರಾಥೈರಾಯ್ಡ್‌ಗಳೂ ಥೈಮಸ್ಸೂ ಒಂದೇ ಕಡೆ ಹುಟ್ಟಿ, ಜೊತೆಯಾಗಿ ಕೆಳಗಿಳಿಯುತ್ತವೆ. ಕೆಲವರಲ್ಲಿ ಪ್ಯಾರಾಥೈರಾಯ್ಡ್ ಥೈಮಸ್ಸಿನೊಳಗೇ ಉಳಿದುಬಿಡುತ್ತದೆ. ನಾಲ್ಕರ ಬದಲು ಐದು ಇರುವವರೂ ಇದ್ದಾರೆ. ಆ ಐದನೆಯದು ಎಷ್ಟೋ ಸಲ ಅಡಗಿರುವುದು ಅಲ್ಲೇ. ಅದನ್ನು ಬಿಟ್ಟು ಹೊಲಿದರೆ ಕ್ಯಾಲ್ಸಿಯಂ ಮತ್ತೆ ಏರಬಹುದು, ಮತ್ತೆ ಕತ್ತು ಕೊಯ್ಯಬೇಕಾಗಬಹುದು. ಒಮ್ಮೆ ಕೊಯ್ದು ಕೂಡಿದ ಜಾಗಕ್ಕೆ ಮತ್ತೆ ಕೈ ಹಾಕಿದರೆ ದನಿಯ ನರಕ್ಕೆ ಅಪಾಯ ಹೆಚ್ಚು. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಕತ್ತಿನ ಮೂಲಕವೇ ಥೈಮಸ್ ತೆಗೆಯಲು ಸೂಚಿಸಿದೆ.

ಇನ್ನು ಗಡ್ಡೆಯ ಮಾತು. ಅದು ಬರುವುದು ಎಂಇಎನ್-1 ಇರುವ 100ರಲ್ಲಿ 2ರಿಂದ 8 ಜನರಿಗೆ. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಬಂದವರಲ್ಲಿ ಹತ್ತು ವರ್ಷ ಬದುಕುವವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಪಶ್ಚಿಮ ದೇಶಗಳಲ್ಲಿ ಬಹುಪಾಲು ಗಂಡಸರಲ್ಲೇ ಕಂಡಿದೆ, ಅದರಲ್ಲೂ ಸೇದುವವರಲ್ಲಿ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಬಂದಿದೆ. ನನ್ನ ತಮ್ಮ ಸಿಗರೇಟು ಬಿಟ್ಟು ಇನ್ನೂ ಎರಡು ವರ್ಷ. ಅಪ್ಪನಿಗೆ ಬಂದದ್ದು ಇವನಿಗೂ ಬಂದರೆ ಏನು ಮಾಡಲಿ? ನನ್ನ ಥೈಮಸ್ ನಾಲ್ಕು ವರ್ಷದ ಹಿಂದೆ, ಅದೇ ಗಾಯದಿಂದಲೇ ತೆಗೆದರು. ಅವತ್ತಿನಿಂದ ರಾತ್ರಿ ನಿದ್ದೆ ಬರುತ್ತಿದೆ.

ವಿರೋಧ: ತಮ್ಮ ಬರೆದದ್ದು

ಅಪ್ಪನ ಕೊನೆಯ ತಿಂಗಳುಗಳಲ್ಲಿ ಹಾಸಿಗೆ ಪಕ್ಕ ಕೂತಿದ್ದವಳು ಅಕ್ಕ. ಅವಳ ಭಯದಲ್ಲಿ ಸುಳ್ಳಿಲ್ಲ. ಅಡಗಿದ ಪ್ಯಾರಾಥೈರಾಯ್ಡ್ ಬಗ್ಗೆ ಅವಳು ಹೇಳಿದ್ದನ್ನೂ ಒಪ್ಪುತ್ತೇನೆ. ಕ್ಯಾನ್ಸರ್ ತಡೆಯಲು ಅಂತ ತೆಗೆಸು ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಕತ್ತಿನ ಗಾಯದಿಂದ ಕೈಗೆ ಸಿಗುವುದು ಥೈಮಸ್ಸಿನ ಮೇಲ್ಭಾಗ. ಮಿಕ್ಕದ್ದು ಕೆಳಗೆ, ಹೃದಯದ ಮುಂದೆ ಹರಡಿಕೊಂಡಿರುತ್ತದೆ. ಹೀಗೆ ತೆಗೆಸಿಕೊಂಡವರಲ್ಲೂ ವರ್ಷಗಳ ನಂತರ ಗಡ್ಡೆ ಬಂದ ಉದಾಹರಣೆಗಳು ವೈದ್ಯ ವರದಿಗಳಲ್ಲಿವೆ. ಪೂರ್ತಿ ತೆಗೆಯಬೇಕೆಂದರೆ ಎದೆಯ ಕಡೆಯಿಂದ ಹೋಗಬೇಕು. ಗಡ್ಡೆಯೇ ಇಲ್ಲದವನಿಗೆ ಅಷ್ಟು ದೊಡ್ಡ ಆಪರೇಷನ್ ಯಾಕೆ?

ಎಂಇಎನ್-2 ಅನ್ನುವ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಚಿಕ್ಕ ಮಕ್ಕಳ ಥೈರಾಯ್ಡನ್ನೇ ಮುಂಚಿತವಾಗಿ ತೆಗೆಯುತ್ತಾರೆ. ಅದು ಸರಿ. ಅಲ್ಲಿ ಬಿಟ್ಟರೆ ಕ್ಯಾನ್ಸರ್ ಬರುವುದು ಹೆಚ್ಚುಕಡಿಮೆ ಖಂಡಿತ. ಗ್ರಂಥಿಯನ್ನು ಪೂರ್ತಿ ತೆಗೆಯಬಹುದು. ತೆಗೆದ ಮೇಲೆ ದಿನಕ್ಕೊಂದು ಮಾತ್ರೆ ನುಂಗಿದರೆ ಜೀವನ ನಡೆಯುತ್ತದೆ. ಥೈಮಸ್ಸಿನ ವಿಷಯದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ದೊಡ್ಡವರಲ್ಲಿ ಥೈಮಸ್ ಬರೀ ಕೊಬ್ಬು, ಅದರಿಂದ ಉಪಯೋಗ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ರೋಗ ತಡೆಯುವ ಕಣಗಳು ಅಲ್ಲಿ ತಯಾರಾಗುತ್ತವೆ ಅಂತ ಜಾಕ್ ಮಿಲ್ಲರ್ ಇಲಿಗಳಲ್ಲಿ ತೋರಿಸಿದ್ದೇ 1961ರಲ್ಲಿ. 2023ರಲ್ಲಿ ಅಮೆರಿಕದ ಬಾಸ್ಟನ್‌ನ ವೈದ್ಯರು ಥೈಮಸ್ ತೆಗೆಸಿಕೊಂಡ 1,146 ವಯಸ್ಕರ ಲೆಕ್ಕ ನೋಡಿದರು. ಐದು ವರ್ಷದೊಳಗೆ 100ಕ್ಕೆ 8.1 ಜನ ತೀರಿಕೊಂಡಿದ್ದರು. ಅದೇ ಥರದ ಎದೆ ಆಪರೇಷನ್ ಆಗಿ ಥೈಮಸ್ ಉಳಿಸಿಕೊಂಡವರಲ್ಲಿ 2.8. ಕ್ಯಾನ್ಸರ್ ಬಂದವರ ಲೆಕ್ಕವೂ ಇಮ್ಮಡಿ: 7.4, 3.7. ಅವರು ನಮ್ಮಂಥ ಎಂಇಎನ್-1 ರೋಗಿಗಳ ಗುಂಪಲ್ಲ. ಥೈಮಸ್ಸೇ ಕಾರಣ ಅಂತ ಈ ಲೆಕ್ಕ ಒಂದರಿಂದಲೇ ಸಾಬೀತಾಗುವುದೂ ಇಲ್ಲ. ಆದರೂ ‘ತೆಗೆದರೆ ನಷ್ಟ ಏನಿದೆ’ ಅಂತ ಈಗ ಸುಮ್ನೆ ಹೇಳಿಬಿಡಲು ಆಗುವುದಿಲ್ಲ.

ನನ್ನ ನಿಜವಾದ ಚಿಂತೆ ಬೇರೆ ಇದೆ. ಅಕ್ಕ ಹೇಳಿದ ಅದೇ 2012ರ ಮಾರ್ಗಸೂಚಿ, ಒಂದೆರಡು ವರ್ಷಕ್ಕೊಮ್ಮೆ ಎದೆಯ ಸಿಟಿ ಅಥವಾ ಎಂಆರ್‌ಐ ಮಾಡಿಸಿ ಅನ್ನುತ್ತದೆ. ಅಕ್ಕ ಈ ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡಿಸಿಲ್ಲ. ಕೇಳಿದರೆ ‘ತೆಗೆಸಿ ಆಯ್ತಲ್ಲೋ’ ಅನ್ನುತ್ತಾಳೆ. ಅವಳಿಗೆ ಬರುತ್ತಿರುವ ಆ ನಿದ್ದೆಯೇ ನನ್ನ ನಿದ್ದೆ ಕೆಡಿಸಿದೆ.

ಸರ್ಜನ್ ಹತ್ತಿರ ಮಾತಾಡಿ ಬಂದಿದ್ದೇನೆ. ಕತ್ತಿನಲ್ಲಿ ನಾಲ್ಕೂ ಗ್ರಂಥಿ ಸಿಕ್ಕಿದರೆ ಥೈಮಸ್ ಮುಟ್ಟುವುದು ಬೇಡ, ಒಂದು ಕಾಣದಿದ್ದರೆ ಅಲ್ಲಿ ಹುಡುಕಿ ಕೈಗೆ ಸಿಕ್ಕಷ್ಟು ತೆಗೆಯಿರಿ ಅಂದೆ. ಹಾಗೆ ಬಿಟ್ಟರೆ ಮರುಕಳಿಸುವ ಸಂಭವ ಇದೆ ಅಂತ ಅವರು ಎಚ್ಚರಿಸಿದರು, ಒಪ್ಪಿಕೊಂಡೆ. ಅದಕ್ಕೂ ಮುಂಚೆ, ಬರುವ ಸೋಮವಾರಕ್ಕೆ ಎಂಆರ್‌ಐಗೆ ಇಬ್ಬರ ಹೆಸರೂ ಬರೆಸಿದ್ದೇನೆ. ಅಕ್ಕಾ, ಬೆಳಿಗ್ಗೆ ಎಂಟಕ್ಕೆ ಮನೆ ಹತ್ತಿರ ಬರುತ್ತೇನೆ. ಸಿದ್ಧವಾಗಿರು.